ತಿಪ್ಪೇಶನ ಗಂಟೆ

ತಿಪ್ಪೇಶನ ಗಂಟೆ ಬರುತ್ತಿದ್ದುದು ಸಂಜೆ ನಾಲ್ಕು ಹತ್ತಕ್ಕೆ. ಅವನು ಹುಟ್ಟಿದ್ದು ಆ ಹೊತ್ತಿಗೆ. ನಮ್ಮ ಊರಿನಲ್ಲಿ ಯಾರು ಯಾವ ಹೊತ್ತಿಗೆ ಹುಟ್ಟಿದರೋ ದಿನವೂ ಅದೇ ಹೊತ್ತಿಗೆ ಅವರಿಗೆ ಒಂದು ಗಂಟೆ ಹೆಚ್ಚಿಗೆ ಸಿಗುತ್ತದೆ. ಆ ಒಂದು ಗಂಟೆ ಅವರೊಬ್ಬರು ಓಡಾಡಿಕೊಂಡಿರುತ್ತಾರೆ, ಉಳಿದವರೆಲ್ಲ ನಿಂತಲ್ಲೇ ನಿಂತಿರುತ್ತಾರೆ. ನಿಂತವರಿಗೆ ಅದು ತಿಳಿಯುವುದಿಲ್ಲ. ಅವರ ಪಾಲಿಗೆ ಅದು ಕಣ್ಣು ಮಿಟುಕಿಸಿದಷ್ಟು ಹೊತ್ತು. ಬದನೆಕಾಯಿ ತೂಗುತ್ತಿದ್ದ ಹೆಂಗಸು ತಕ್ಕಡಿ ಇಳಿಸುವಷ್ಟರಲ್ಲಿ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆಯುಟ್ಟು ನಿಂತಿರುತ್ತಾಳೆ. ಎದುರಿಗಿದ್ದವರು ನೋಡಿಯೂ ನೋಡದವರಂತೆ, "ಇನ್ನೆರಡು ಹಾಕಮ್ಮ" ಅನ್ನುತ್ತಾರೆ. ಒಬ್ಬರ ಗಂಟೆಯ ವಿಚಾರ ಇನ್ನೊಬ್ಬರು ಕೇಳಬಾರದು. ಇದು ನಾವು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಮರ್ಯಾದೆ. ನನ್ನ ಹೆಂಡತಿ ಗಿರಿಜೆ ಇಪ್ಪತ್ತಾರು ವರ್ಷಗಳಿಂದ ತನ್ನ ಗಂಟೆಯಲ್ಲಿ ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಕೆಲವು ದಿನ ಅವಳ ಪಾದ ಒದ್ದೆಯಾಗಿರುತ್ತದೆ, ಕೆಲವು ದಿನ ಕಣ್ಣು. ನಾನು ಕೇಳಿಲ್ಲ.

ಕೇಳಬಾರದ್ದನ್ನು ಕೇಳದೆಯೇ ತಿಳಿದುಕೊಳ್ಳುವುದು ನನ್ನ ಉದ್ಯೋಗವಾಗಿತ್ತು. ನನ್ನ ಹೆಸರು ಪಾಲಾಕ್ಷ. ಊರಿನ ಬಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಹನ್ನೊಂದು ವರ್ಷ ಪರಿಶೀಲಕನಾಗಿದ್ದೆ. ಸುತ್ತಲಿನ ಆರು ಊರುಗಳ ಲೀಗಿನಲ್ಲಿ ನಮ್ಮ ಕ್ಲಬ್ಬು ಆಡುತ್ತದೆ. ಆಟಗಾರರಿಗೆ ತಿಂಗಳ ಸಂಬಳ ಉಂಟು, ವರ್ಷ ವರ್ಷಕ್ಕೆ ಕರಾರು. ಎಳೆಯ ಆಟಗಾರರು ಎಷ್ಟು ದುಡಿಯುತ್ತಿದ್ದಾರೆ, ಎಷ್ಟು ಬೆಳೆಯುತ್ತಿದ್ದಾರೆ ಎಂದು ನೋಡಿ ನಾನು ಬರೆದುಕೊಟ್ಟ ವರದಿಯ ಮೇಲೆ ಆ ಕರಾರು ನಿಲ್ಲುತ್ತಿತ್ತು. ನಾಲ್ಕೂವರೆಯಿಂದ ಏಳೂವರೆಯವರೆಗಿನ ಅಭ್ಯಾಸದಲ್ಲಿ ಎಲ್ಲರೂ ಬೆವರುತ್ತಾರೆ, ಅಲ್ಲಿ ಕೋಚು ನಿಂತಿರುತ್ತಾರೆ. ಯಾರೂ ನೋಡದ ಆ ಒಂದು ಗಂಟೆಯಲ್ಲಿ ಯಾರು ಏನು ಮಾಡುತ್ತಾರೆ ಅನ್ನುವುದೇ ಮುಖ್ಯ. ನಾನು ಅದನ್ನು ಅಂಗಿಯ ಒದ್ದೆಯಿಂದ, ಶೂ ತಳದ ಸವೆತದಿಂದ, ಉಸಿರಿನ ಏರಿಳಿತದಿಂದ ಓದುತ್ತಿದ್ದೆ. ಅಂದಹಾಗೆ, ಸಂಜೆ ಪಂದ್ಯದ ಹೊತ್ತಿಗೆ ಹುಟ್ಟಿದವರನ್ನು, ಆಟದ ನಡುವೆ ಅವರ ಗಂಟೆ ಬಂದರೆ ಮೋಸವಾದೀತೆಂದು, ನಮ್ಮ ಕ್ಲಬ್ಬು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಆಟದ ಆಸೆಯಿದ್ದ ಮನೆಗಳಲ್ಲಿ ಗರ್ಭಿಣಿಯರು ಸಂಜೆಯಾದರೆ ಸೂಲಗಿತ್ತಿಯನ್ನು ಮನೆಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ತಿಪ್ಪೇಶನನ್ನು ಹದಿನೇಳನೆಯ ವಯಸ್ಸಿನಲ್ಲಿ ಕ್ಲಬ್ಬಿಗೆ ಸೇರಿಸಿಕೊಳ್ಳಿ ಎಂದವನು ನಾನೇ. ಸುಣ್ಣದ ಗೂಡಿನಲ್ಲಿ ಕೆಲಸ ಮಾಡುವವರ ಮಗ. ಆರಡಿ ನಾಲ್ಕಿಂಚು ಎತ್ತರ, ಬಾಗಿಲು ದಾಟುವಾಗೆಲ್ಲ ಕ್ಷಮೆ ಕೇಳುವವನಂತೆ ತಲೆ ತಗ್ಗಿಸುವ ಹುಡುಗ. ಮೊದಲ ವರ್ಷ ನಾಲ್ಕು ಒಂಬತ್ತಕ್ಕೆ ಅವನು ಕೋರ್ಟಿನ ನಡುವೆ ಬಂದು ನಿಂತಿರುತ್ತಿದ್ದ. ಗೋಡೆಯ ಗೂಡಿನಲ್ಲಿ ಹನ್ನೆರಡು ಚೆಂಡು ಸಾಲಾಗಿ ಇರುತ್ತಿದ್ದವು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಹನ್ನೆರಡೂ ಕೋರ್ಟಿನ ತುಂಬ ಚೆಲ್ಲಾಡಿರುತ್ತಿದ್ದವು, ನೆಲದ ಮೇಲೆ ಬೆವರಿನ ಹನಿ, ಅಂಗಿ ಹಿಂಡಿದರೆ ನೀರು. ಆ ವರ್ಷದ ವರದಿಯಲ್ಲಿ ನಾನು ಬರೆದೆ: "ಈ ಹುಡುಗ ತನ್ನ ಗಂಟೆಯ ಒಂದು ನಿಮಿಷವನ್ನೂ ಬಿಡುವುದಿಲ್ಲ." ಕ್ಲಬ್ಬಿನವರು ಆ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೇಟಿನ ಪಕ್ಕದ ಬೋರ್ಡಿಗೆ ಹಾಕಿದರು. ಊರಿನ ತಾಯಂದಿರು ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಓದಿಸುತ್ತಿದ್ದರು.

ಮೂರನೆಯ ವರ್ಷದ ಕೊನೆಗೆ, ಕರಾರು ಮುಗಿಯಲು ಹದಿನೈದು ದಿನವಿದ್ದಾಗ, ನಾಲ್ಕು ಹತ್ತು ಕಳೆದರೂ ಚೆಂಡುಗಳು ಗೂಡಿನಲ್ಲೇ ಇದ್ದವು. ಅಂಗಿ ಒಣಗಿತ್ತು. ತಿಪ್ಪೇಶ ನಿಂತಿದ್ದ ಜಾಗದಿಂದ ಎರಡು ಹೆಜ್ಜೆ ಈಚೆಗಿದ್ದ, ಅಷ್ಟೇ. ಇದು ಆ ಒಂದು ದಿನದ ಮಾತಲ್ಲ, ಮೂರು ತಿಂಗಳಿಂದ ಹೀಗೇ. ಆಟದಲ್ಲೂ ಅದು ಕಾಣುತ್ತಿತ್ತು. ಬಳೆಗೆ ಬಡಿದು ಮರಳುವ ಚೆಂಡಿಗೆ, ಅಂದರೆ ರಿಬೌಂಡಿಗೆ, ಹಾರುವಾಗ ಅವನ ಕೈ ಮೊದಲಿಗಿಂತ ಒಂದು ಗೇಣು ಕೆಳಗಿರುತ್ತಿತ್ತು. ಎದುರಾಳಿ ಓಡಿಬಂದರೆ ಇವನು ಅರ್ಧ ಹೆಜ್ಜೆ ತಡ.

ಕೋಚ್ ಡೇವಿಡ್ ಪ್ರಸನ್ನ ನನ್ನನ್ನು ಪಕ್ಕಕ್ಕೆ ಕರೆದರು. ಒರಟು ಮಾತಿನವರಾದರೂ ಕೆಟ್ಟವರಲ್ಲ.

"ಸಂಬಳ ಕೈಗೆ ಬಂದ್ಮೇಲೆ ಹುಡುಗ್ರು ಹಿಂಗೇ ಪಾಲಾಕ್ಷಪ್ನೋರೆ. ಗಂಟೆ ಪೂರ್ತಿ ನಿದ್ದೆ ಹೊಡೀತಾನೆ ಅಂತ ಕಾಣುತ್ತೆ."

"ನಿದ್ದೆ ಮಾಡಿ ಎದ್ದವನ ಮುಖ ಅಲ್ಲ ಸಾರ್ ಅದು."

"ಮತ್ತೇನು? ನೀವೇ ತಂದ ಹುಡುಗ, ನೀವೇ ಹೇಳಿ."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ತಟ್ಟೆಯ ಮುಂದೆ ಕೂತರೆ ಆ ಬೋರ್ಡು ಕಣ್ಣ ಮುಂದೆ ಬರುತ್ತಿತ್ತು. ಹುಡುಗ ನಿಜವಾಗಿ ಕೆಟ್ಟಿದ್ದರೆ ನನ್ನ ಕಣ್ಣು ಮೋಸಹೋಗಿದೆ. ಕೆಟ್ಟಿಲ್ಲದಿದ್ದರೆ ಇನ್ನೇನೋ ಆಗಿದೆ, ಮತ್ತು ಅದು ನನಗೆ ಕಾಣುತ್ತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಹೆದರಿಸುತ್ತಿತ್ತೋ ಹೇಳಲಾರೆ. ಇನ್ನೊಂದು ಮಾತನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಆರು ನಲವತ್ತಕ್ಕೆ ಬರುವ ನನ್ನ ಸ್ವಂತ ಗಂಟೆಯನ್ನು ನಾನು ಹನ್ನೊಂದು ವರ್ಷವೂ ಕಂಬಳಿ ಹೊದ್ದು ನಿದ್ದೆಯಲ್ಲೇ ಕಳೆದಿದ್ದೆ. ಹಾಗಿದ್ದೂ ಬೇರೆಯವರ ಗಂಟೆಗೆ ತೀರ್ಪು ಬರೆಯುತ್ತಿದ್ದೆ.

ಐದನೆಯ ದಿನ ನಾನು ಮಾಡಬಾರದ ಕೆಲಸ ಮಾಡಿದೆ. ಯಾರೂ ಇಲ್ಲದ ಹೊತ್ತಿನಲ್ಲಿ ಚೆಂಡುಗಳಿಗೆಲ್ಲ ತೆಳ್ಳಗೆ ಸೀಮೆಸುಣ್ಣದ ಪುಡಿ ಸವರಿದೆ. ಬಾಗಿಲ ಬಳಿ, ಗ್ಯಾಲರಿಯ ಮೆಟ್ಟಿಲ ಮೇಲೆ ಅದೇ ಪುಡಿಯನ್ನು ಕಂಡೂ ಕಾಣದಂತೆ ಉದುರಿಸಿದೆ. ಇನ್ನೊಬ್ಬರ ಗಂಟೆಗೆ ಬಲೆ ಹಾಕಿದವನನ್ನು ನಮ್ಮೂರಿನಲ್ಲಿ ಯಾರೂ ಮನೆಗೆ ಕರೆಯುವುದಿಲ್ಲ.

ನಾಲ್ಕು ಹತ್ತಾಯಿತು. ಕಣ್ಣು ಮಿಟುಕಿಸಿದೆ. ಚೆಂಡುಗಳ ಮೇಲೆ ಬೆರಳ ಗುರುತೇ ಇರಲಿಲ್ಲ. ಹೆಜ್ಜೆಗಳು ಬಾಗಿಲು ದಾಟಿ ಹೊರಗೆ ಹೋಗಿ ಮತ್ತೆ ಒಳಗೆ ಬಂದಿದ್ದವು. ಅಲ್ಲಿಂದ ಗ್ಯಾಲರಿ ಹತ್ತಿ ಕೊನೆಯ ಸಾಲಿಗೆ ಹೋಗಿ ಇಳಿದಿದ್ದವು. ಎಡಪಾದ ಪೂರ್ತಿ ಮೂಡಿತ್ತು, ಬಲಪಾದದ ಮುಂಭಾಗ ಮಾತ್ರ. ಪುಡಿ ಸರಿಯಾಗಿ ಬಿದ್ದಿಲ್ಲ ಅಂದುಕೊಂಡೆ. ಗುರುತು ಓದುವುದೇ ಕಸುಬಾದ ನಾನು ಹಾಗೆ ಅಂದುಕೊಂಡೆ. ಕೊನೆಯ ಸಾಲಿನ ಸಿಮೆಂಟು ಬೆಂಚಿನ ಮೇಲೆ ಅಂಗೈಯಗಲ ಒದ್ದೆಯಿತ್ತು. ಬೆವರಲ್ಲ, ಮೂಸಿ ನೋಡಿದೆ, ಬರೀ ನೀರು.

ಗೇಟಿನ ಹೊರಗೆ ಜುಲೇಖಾಬಿಯ ಕಬ್ಬಿನ ಹಾಲಿನ ಗಾಡಿ ನಿಲ್ಲುತ್ತಿತ್ತು. ಮನಸ್ಸು ತಡೆಯದೆ ಅಲ್ಲಿಗೆ ಹೋಗಿ ನಿಂತೆ. ಅವಳು ನನ್ನ ಮುಖ ನೋಡಿ ಕೇಳದೆಯೇ ಒಂದು ಲೋಟ ಕೊಟ್ಟಳು.

"ಸುಣ್ಣದ ಪುಡಿ ಮೆತ್ಕೊಂಡಿದೆ ಸಾರ್ ನಿಮ್ ತೋಳಿಗೆ," ಅಂದಳು.

ನಾನು ಒರೆಸಿಕೊಂಡೆ. ಅವಳು ಯಂತ್ರದ ಹಲ್ಲಿನಿಂದ ಸಿಪ್ಪೆ ಕಿತ್ತು ಹಾಕುತ್ತ, ನನ್ನ ಕಡೆ ತಿರುಗದೆ ಮಾತಾಡಿದಳು. "ನಾಲ್ಕು ಹತ್ತಾದ್ರೆ ನನ್ ಗೋಣೀಲಿರೋ ಐಸು ಒಂದು ಬೊಗಸೆ ಕಮ್ಮಿ ಆಗುತ್ತೆ. ದಿನಾ. ಗೋಣಿ ಬಾಯಿ ಮಾತ್ರ ಒಂದಿನಾನೂ ತೆಗ್ದು ಬಿಟ್ಟಿಲ್ಲ, ಮಡಚಿಟ್ಟೇ ಹೋಗಿರುತ್ತೆ ಆ ಕೈ. ಯಾರದ್ದು ಅಂತ ನಾನ್ ಕೇಳ್ಕೊಂಡಿಲ್ಲ ಸಾರ್. ನೀವು ಕೇಳೋರ ಥರ ಕಾಣ್ತಿದೀರ, ಅದಕ್ಕೇ ಹೇಳ್ದೆ."

ಲೋಟವನ್ನು ಗಾಡಿಯ ಮೇಲಿಟ್ಟು ಕೋರ್ಟಿಗೆ ಮರಳಿದೆ.

ಮರುದಿನ ನಾಲ್ಕು ಗಂಟೆಗೇ ನಾನು ಗ್ಯಾಲರಿ ಹತ್ತಿ ಕೊನೆಯ ಸಾಲಿನಲ್ಲಿ, ಆ ಒದ್ದೆಯಿದ್ದ ಜಾಗದ ಪಕ್ಕದಲ್ಲಿ ಕೂತೆ. ಕೆಳಗೆ ತಿಪ್ಪೇಶ ಕೋರ್ಟಿಗೆ ಬಂದ. ನಾನು ಎಂದಿನಂತೆ ಚೆಂಡಿನ ಗೂಡಿನ ಬಳಿ ಇಲ್ಲದ್ದನ್ನು ಕಂಡು ಸುತ್ತ ನೋಡಿದ. ತಲೆಯೆತ್ತಿದಾಗ ನಾನು ಅವನ ಕಣ್ಣಿಗೆ ಬಿದ್ದೆ. ಗಡಿಯಾರದ ಮುಳ್ಳು ನಾಲ್ಕು ಹತ್ತಕ್ಕೆ ಬಂತು.

ಕಣ್ಣು ತೆರೆದಾಗ ಅವನು ನನ್ನ ಪಕ್ಕದಲ್ಲಿ ಕೂತಿದ್ದ. ಬಲಗಾಲಿನ ಪ್ಯಾಂಟು ಮೇಲಕ್ಕೆ ಸುರುಳಿ ಸುತ್ತಿ, ಮುಂದಿನ ಬೆಂಚಿನ ಮೇಲೆ ಕಾಲು ಚಾಚಿದ್ದ. ಮಂಡಿಯ ಮೇಲೆ ಟವೆಲ್ಲು, ಟವೆಲ್ಲಿನಲ್ಲಿ ಕರಗಿ ಉಳಿದ ಐಸಿನ ಚೂರುಗಳು. ಮಂಡಿಚಿಪ್ಪಿನ ಕೆಳಗೆ ನಿಂಬೆಹಣ್ಣಿನಷ್ಟು ಊದಿತ್ತು.

"ಒಂದು ಗಂಟೆ ನಿಮ್ ಮುಖಾನೇ ನೋಡ್ಕೊಂಡ್ ಕೂತಿದ್ದೆ ಸಾರ್," ಅಂದ. "ಮುಚ್ಚಿಟ್ಕೊಂಡು ಕೆಳಗಿಳ್ದು ಹೋಗಣ ಅಂತ ಮೂರು ಸಲ ಎದ್ದೆ. ನೀವು ಅಷ್ಟು ಹೆದರ್ಕೊಂಡಿರೋ ಥರ ಕೂತಿದ್ರಿ. ಆಗ್ಲಿಲ್ಲ."

"ಎಷ್ಟು ದಿನದಿಂದ ಇದು?"

"ಎಂಟು ತಿಂಗಳಾಯ್ತು. ಮೊದ್ಲು ಹಾರಿ ಇಳಿದಾಗ ಮಾತ್ರ ಚುಚ್ತಿತ್ತು. ಈಗ ಮೆಟ್ಲು ಇಳಿಯುವಾಗ್ಲೂ."

"ಯಾರಿಗೂ ತೋರಿಸಿಲ್ವೇನಪ್ಪ?"

"ಹೊಳೆಯಾಚೆ ಊರಿಗೆ ಹೋಗಿ ತೋರಿಸ್ದೆ. ದಿನಕ್ಕೆ ಎಷ್ಟು ಹೊತ್ತು ಹಾರ್ತೀಯ ಅಂತ ಡಾಕ್ಟ್ರು ಕೇಳಿದ್ರು. ನಮ್ಮೂರಿನ ಗಂಟೇನೂ ಸೇರಿಸಿ ಹೇಳ್ದೆ. ಅವ್ರು ಪೆನ್ನು ಕೆಳಗಿಟ್ಬಿಟ್ರು. ಆರು ತಿಂಗಳು ಹಾರಲೇಬೇಡ, ಹಾರಿದ್ರೆ ಮೂವತ್ತಕ್ಕೆ ಕೋಲು ಹಿಡೀತೀಯ ಅಂದ್ರು." ಅವನು ಟವೆಲ್ಲನ್ನು ಕಾಲ ಬಳಿ ಇಟ್ಟುಕೊಂಡಿದ್ದ ಬಕೆಟ್ಟಿಗೆ ಹಿಂಡಿದ. "ಅದಕ್ಕೇ ಈ ಗಂಟೇಲಿ ಕಾಲಿಗೆ ರೆಸ್ಟು ಕೊಡ್ತೀನಿ. ಹಂಗೆ ಮಾಡಿದ್ರೆ ಸಂಜೆ ಮೂರು ಗಂಟೆ ಹೆಂಗೋ ತಡ್ಕೊಳುತ್ತೆ."

"ಅಷ್ಟು ನೋವಿದ್ದಾಗ ಮೊದಲಲ್ಲೇ ನಿಲ್ಲಿಸಬೇಕಿತ್ತಲ್ಲೋ."

ಅವನು ಆ ಮಾತಿಗೆ ನಕ್ಕ. ಆಪಾದನೆಯಿಲ್ಲದ ನಗು, ಅದೇ ನನಗೆ ತಡೆಯಲಾಗಲಿಲ್ಲ. "ನೀವು ಬರೆದಿದ್ರಲ್ಲ ಸಾರ್, ಒಂದು ನಿಮಿಷಾನೂ ಬಿಡಲ್ಲ ಅಂತ. ನಮ್ಮವ್ವ ಅದನ್ನ ನೋಡಕ್ಕೇ ವಾರಕ್ಕೊಂದ್ಸಲ ಗೇಟಿನ ತನಕ ಬರ್ತಿದ್ಲು. ಆಮೇಲೆ ಒಂದು ನಿಮಿಷ ಬಿಡಕ್ಕೂ ಭಯ ಆಗೋದು. ನೀರು ಕುಡಿಯಕ್ಕೂ."

ಕೆಳಗೆ ಬೇರೆ ಆಟಗಾರರು ಬರತೊಡಗಿದರು. ಅವನು ಅವಸರದಲ್ಲಿ ಪ್ಯಾಂಟು ಇಳಿಸಿದ. ನಂತರ ನನ್ನ ಮಣಿಕಟ್ಟು ಹಿಡಿದುಕೊಂಡ.

"ಸೋಮಾರಿ ಅಂತ ಬರೀರಿ ಸಾರ್."

"ಏನು?"

"ಗಂಟೇಲಿ ಮಲಗ್ತಾನೆ, ಸೋಮಾರಿ ಆಗಿದಾನೆ ಅಂತ ಬರೀರಿ. ಸೋಮಾರಿಗೆ ಇನ್ನೊಂದು ವರ್ಷ ಕೊಡ್ತಾರೆ, ಬೈದು ಸರಿ ಮಾಡ್ತಾರೆ. ಕುಂಟನಿಗೆ ಕೊಡಲ್ಲ."

ಅದು ಸುಳ್ಳಾಗಿರಲಿಲ್ಲ. ಅದೇ ಸಂಜೆ ಕೋಚ್ ಪ್ರಸನ್ನರನ್ನು ಸುತ್ತಿಬಳಸಿ ಕೇಳಿದೆ. "ಸೋಮಾರಿತನ ಆದ್ರೆ ನನ್ಗೆ ಬಿಡಿ," ಅಂದರು. "ಇನ್ನೊಂದು ವರ್ಷ ಇಟ್ಕೋತೀನಿ. ಬೆಳಗಿನ ಜಾವ ಎರಡು ಗಂಟೆ ನನ್ ಮುಂದೆ ಹಾರಿಸ್ತೀನಿ. ಇನ್ನೂರು ಸಲ ಹಾರಿದ್ರೆ ಮೈಗಳ್ಳತನ ತಾನೇ ಇಳಿಯುತ್ತೆ." ಅವರಿಗೆ ಆ ಹುಡುಗನ ಮೇಲೆ ಇನ್ನೂ ಆಸೆಯಿತ್ತು. ಆ ಆಸೆಯನ್ನು ಕಂಡೇ ನನಗೆ ಹೆಚ್ಚು ಭಯವಾಯಿತು.

ಉಳಿದ ದಿನಗಳು ಹೇಗೆ ಕಳೆದವೋ. ಸೋಮಾರಿ ಎಂದು ಬರೆದರೆ ಅವನ ಕೆಲಸ ಉಳಿಯುತ್ತದೆ, ಕಾಲು ಹೋಗುತ್ತದೆ. ನಿಜ ಬರೆದರೆ ಕಾಲು ಉಳಿದೀತು, ಕೆಲಸ ಹೋಗುತ್ತದೆ. ಅದೂ ಅವನು ನನ್ನ ಕೈಹಿಡಿದು ಬೇಡಿಕೊಂಡ ಮೇಲೆ. ಅವನಿಗೆ ಇಪ್ಪತ್ತು ವರ್ಷ, ತನ್ನ ಕಾಲಿನ ವಿಚಾರ ತಾನೇ ನಿರ್ಧರಿಸುವ ವಯಸ್ಸು ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಆ ನಿರ್ಧಾರವನ್ನು ಅವನ ಬಾಯಿಂದ ಆಡಿಸುತ್ತಿರುವುದು ನಾನು ಬರೆದ ವಾಕ್ಯವಲ್ಲವೇ ಎಂದು ಇನ್ನೊಂದು ಗಳಿಗೆ. ಬೀದಿಯಲ್ಲಿ ಅವನ ತಾಯಿ ಎದುರಾದರು. ಬಟ್ಟೆಯ ಮೇಲೆಲ್ಲ ಸುಣ್ಣದ ಧೂಳು. "ಈ ಸಲಾನೂ ಚೆನ್ನಾಗಿ ಬರೀತೀರಲ್ವ ಸಾ?" ಅಂದರು. ನಾನು ಏನೋ ಗೊಣಗಿ ರಸ್ತೆ ದಾಟಿಬಿಟ್ಟೆ.

ಕೊನೆಯ ದಿನ ಬೆಳಿಗ್ಗೆ ಆರು ನಲವತ್ತಕ್ಕೆ ನಾನು ಕಂಬಳಿ ಹೊದೆಯಲಿಲ್ಲ. ಅಡುಗೆಮನೆಯಲ್ಲಿ ಗಿರಿಜೆ ಕಾಫಿ ಆರಿಸುತ್ತ ನಿಂತಿದ್ದಳು. ಒಂದು ಲೋಟದಿಂದ ಇನ್ನೊಂದಕ್ಕೆ ಇಳಿಯುತ್ತಿದ್ದ ಕಾಫಿ ಗಾಳಿಯಲ್ಲಿ ಕಂದು ದಾರದ ಹಾಗೆ ನಿಂತಿತ್ತು. ಅವಳ ಎದುರಿನ ಮಣೆಯ ಮೇಲೆ ಕೂತು ಬರೆದೆ. ಮಂಡಿಯ ವಿಚಾರ ಬರೆದೆ, ಡಾಕ್ಟರು ಹೇಳಿದ್ದನ್ನು ಬರೆದೆ. ಆರು ತಿಂಗಳು ಸಂಬಳ ಕೊಟ್ಟು ಕೂರಿಸಿದರೆ ಈ ಹುಡುಗ ಹತ್ತು ವರ್ಷ ಆಡುತ್ತಾನೆ ಎಂದು ಬರೆದೆ. ಸೀಮೆಸುಣ್ಣದ ಪುಡಿಯ ಸಂಗತಿಯನ್ನೂ ಬಿಡಲಿಲ್ಲ. ಬರೆದು ಮುಗಿದ ಮೇಲೂ ಗಂಟೆ ಉಳಿದಿತ್ತು. ಹರಿದುಹಾಕಲು ಬೇಕಾದಷ್ಟು ಸಮಯವಿತ್ತು. ಎರಡು ಸಲ ಕಾಗದವನ್ನು ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ.

ಸಮಿತಿಯ ಮುಂದೆ ಅದನ್ನು ಓದಿದಾಗ ಕೋಚ್ ಪ್ರಸನ್ನ ತಲೆ ತಗ್ಗಿಸಿ ಕೂತರು. ಅಧ್ಯಕ್ಷೆ ಸರ್ವಮಂಗಳಾ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಮೊದಲ ವರ್ಷ ನೀವು ಬರೆದಿದ್ದು ತಪ್ಪಾ?"

"ನೋಡಿದ್ದು ಸರಿ ಮೇಡಂ. ಹೊಗಳಿದ್ದು ತಪ್ಪು. ದಿನಕ್ಕೆ ಅಷ್ಟು ಹಾರಿದ್ರೆ ಆ ವಯಸ್ಸಿನ ಮೂಳೆ ಏನಾಗುತ್ತೆ ಅಂತ ನಾನೂ ಯೋಚಿಸಿಲ್ಲ, ನೀವೂ ಯೋಚಿಸಿಲ್ಲ."

"ಆರು ತಿಂಗಳಾದ್ಮೇಲೆ ಮೊದಲಿನ ಹಾಗೆ ಹಾರ್ತಾನೆ ಅಂತ ನೀವು ಬರೆದುಕೊಡ್ತೀರಾ?"

"ಮೊದಲಿನ ಹಾಗೆ ಹಾರಬಾರದು ಮೇಡಂ. ಬೇರೆ ಥರ ಆಡೋದನ್ನ ಕಲೀಬೇಕು. ಕಲೀತಾನೆ ಅಂತ ನನಗನ್ನಿಸುತ್ತೆ. ಬರೆದುಕೊಡೋಕಾಗಲ್ಲ."

ಅವರು ನನ್ನನ್ನು ಹೊರಗೆ ಕಳಿಸಿ ಹತ್ತು ನಿಮಿಷ ಮಾತಾಡಿದರು. ತಿಪ್ಪೇಶನ ಕರಾರು ಮುಂದುವರಿಯಲಿಲ್ಲ. ಇನ್ನೊಬ್ಬರ ಗಂಟೆಗೆ ಬಲೆ ಹಾಕಿದ್ದಕ್ಕೆ ನನಗೂ ಕೆಲಸ ಬಿಟ್ಟು ಮನೆಗೆ ಹೋಗಲು ಹೇಳಿದರು. ಅದು ನನಗೆ ಅಷ್ಟು ನೋಯಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ತಿಪ್ಪೇಶ ಕೂತಿದ್ದ. ಸುದ್ದಿ ಆಗಲೇ ತಲುಪಿತ್ತು.

"ನಾನ್ ಕೇಳ್ಕೊಂಡಿದ್ದೆ ಸಾರ್," ಅಂದ. ಕೂಗಲಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದ. ಮುಚ್ಚಿಡುವ ಅಗತ್ಯ ಇನ್ನಿರಲಿಲ್ಲ, ಎಲ್ಲರೆದುರಿಗೇ ಕುಂಟಿದ.

ಏಳು ತಿಂಗಳು ಅವನ ಸುದ್ದಿಯಿರಲಿಲ್ಲ. ಅವನ ತಾಯಿ ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಿದ್ದರು. ನಾನು ಒಂದು ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ಲು ಹೇಳಿಕೊಡುತ್ತಿದ್ದೆ. ಯಾವುದಾದರೂ ಮಗು ಹಾರಿ ನೆಲಕ್ಕಿಳಿದರೆ ಅದರ ಮಂಡಿಯನ್ನೇ ನೋಡುತ್ತಿದ್ದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಗಿರಿಜೆಯನ್ನು ಕೇಳಿದೆ. "ಆ ಹುಡುಗನ್ನ ಕೇಳಬೇಕು, ನನ್ನನ್ನ ಕೇಳಿ ಏನು ಪ್ರಯೋಜನ?" ಅಂದಳು.

ಆಮೇಲೆ ಒಂದು ಫೋನು ಬಂತು. ಹೊಳೆಯಾಚೆಯ ಊರಿನ ಕ್ಲಬ್ಬಿನ ಕೋಚು, ರೇವತಿ ಎಂದು ಹೆಸರು. ಆ ಊರಿನಲ್ಲಿ ಯಾರಿಗೂ ಸ್ವಂತ ಗಂಟೆ ಇಲ್ಲ. ನಮ್ಮವರು ಅಲ್ಲಿ ಹೋಗಿ ನೆಲೆಸಿದರೆ ಅವರಿಗೂ ಬರುವುದಿಲ್ಲ. "ನಿಮ್ಮೂರಿನ ಹುಡುಗ ತಿಪ್ಪೇಶ ನಮ್ಮಲ್ಲಿ ಆಯ್ಕೆಗೆ ಬಂದಿದಾನೆ," ಅಂದರು. "ಅವನ ಹಳೇ ವರದಿ ತರಿಸಿ ಓದ್ದೆ. ಬೇರೆ ಕ್ಲಬ್ಬಿನೋರು ಯಾವ ಹುಡುಗನ್ನ ಕೈಬಿಟ್ರೂ ಶಿಸ್ತಿಲ್ಲ ಅಂತ ಒಂದು ಸಾಲು ಗೀಚಿರ್ತಾರೆ. ನೀವು ನಾಲ್ಕು ಪುಟ ಮಂಡಿ ಬಗ್ಗೆ ಬರೆದಿದೀರ. ಈಗ ನೀವೇ ಹೇಳಿ, ತಗೊಳ್ಳಲಾ?"

ಹೌದು ಎಂದು ಒಂದು ಸಲ ಹೇಳಿ ಅವನನ್ನು ಏನು ಮಾಡಿದ್ದೆನೋ ನೆನಪಿತ್ತು. "ಅವನು ನೋವನ್ನ ಹೇಳಲ್ಲ ಮೇಡಂ," ಅಂದೆ. "ಹೇಳೋ ಹಾಗೆ ನೋಡ್ಕೊಳೋದಾದ್ರೆ ತಗೊಳ್ಳಿ." ಫೋನು ಮಾಡಿದ್ದನ್ನು ಅವನಿಗೆ ತಿಳಿಸಬೇಡಿ ಎಂದೂ ಕೇಳಿಕೊಂಡೆ.

ಮುಂದಿನ ವರ್ಷದ ಲೀಗಿನಲ್ಲಿ ಅವರ ಕ್ಲಬ್ಬಿನ ಪಂದ್ಯ ನೋಡಲು ಬಸ್ಸು ಹತ್ತಿ ಹೋದೆ. ಜನರ ನಡುವೆ, ಕಂಬದ ಮರೆಗೆ ಕೂತೆ. ತಿಪ್ಪೇಶ ಬೆಂಚಿನಲ್ಲಿದ್ದ. ಎರಡನೆಯ ಕ್ವಾರ್ಟರಿನಲ್ಲಿ ಅವನನ್ನು ಆಟಕ್ಕೆ ಇಳಿಸಿದರು. ಮೊದಲಿನ ಹಾರಾಟ ಇರಲಿಲ್ಲ. ಆದರೆ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿಗೆ ಅದಕ್ಕಿಂತ ಮೊದಲೇ ಹೋಗಿ ನಿಂತಿರುತ್ತಿದ್ದ, ಭುಜ ಅಡ್ಡಕೊಟ್ಟು ಜಾಗ ಹಿಡಿಯುತ್ತಿದ್ದ. ಬೆನ್ನ ಹಿಂದಿನಿಂದ ಒಂದು ಪಾಸು ಕೊಟ್ಟಾಗ ಇಡೀ ಗ್ಯಾಲರಿ ಎದ್ದು ನಿಂತಿತು. ಅವನು ಒಂದೊಂದು ಸಲ ನೆಲಕ್ಕೆ ಇಳಿದಾಗಲೂ ನಾನು ನನ್ನ ಮಂಡಿಯನ್ನೇ ಅದುಮಿ ಹಿಡಿಯುತ್ತಿದ್ದೆ.

ಕೊನೆಗೆ ಮೂರು ನಿಮಿಷ ಉಳಿದಿತ್ತು. ಅರವತ್ತೊಂದು, ಅರವತ್ತೊಂದು. ರಿಬೌಂಡಿಗೆ ನಾಲ್ಕು ಜನ ಒಟ್ಟಿಗೆ ಹಾರಿದರು. ಚೆಂಡು ತಿಪ್ಪೇಶನ ಕೈಗೆ ಬಂತು. ಅವನು ಅದನ್ನು ದಾಟಿಸಿದ, ನಾಲ್ಕು ಹೆಜ್ಜೆ ಓಡಿದ, ನಿಂತ. ಅವನ ಮುಖ ನನಗೆ ಕಾಣುತ್ತಿತ್ತು. ಹಲ್ಲು ಕಚ್ಚಿದ್ದ. ಮತ್ತೆ ಓಡುತ್ತಾನೆ, ನನಗೆ ಗೊತ್ತು, ಓಡಿಯೇ ಓಡುತ್ತಾನೆ ಅಂದುಕೊಂಡೆ. ಕೂತಲ್ಲಿಂದಲೇ ಬೇಡ ಬೇಡ ಅನ್ನುತ್ತಿದ್ದೆ.

ಅವನು ಬೆಂಚಿನ ಕಡೆ ತಿರುಗಿ ಬಲಗೈ ಎತ್ತಿದ. ಪೂರ್ತಿ ಎತ್ತಿದ, ಎರಡು ಸಾವಿರ ಜನಕ್ಕೂ ಕಾಣುವ ಹಾಗೆ. ರೇವತಿ ಕೂಡಲೇ ಇನ್ನೊಬ್ಬನನ್ನು ಕಳಿಸಿದರು. ತಿಪ್ಪೇಶ ಆಚೆಗೆ ನಡೆದು ಬಂದ. ಗ್ಯಾಲರಿ ಸಿಳ್ಳೆ ಹೊಡೆಯಿತು. ನನ್ನ ಪಕ್ಕದವನು, "ನೋಡ್ರೀ, ಕೊನೇ ಗಳಿಗೇಲಿ ಕೈ ಎತ್ತಿಬಿಟ್ಟ, ಸೋಮಾರಿ ನನ್ಮಗ," ಅಂದ.

ನಾನು ಅವನ ಕಡೆ ತಿರುಗಿದೆ. "ಸೋಮಾರಿ ಅಲ್ಲ," ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಮುಂದಿನ ಎರಡು ಸಾಲಿನವರು ಹೊರಳಿ ನೋಡಿದರು. "ಕೈ ಎತ್ತೋದನ್ನ ಕಲಿಯೋಕೆ ಅವನಿಗೆ ನಾಲ್ಕು ವರ್ಷ ಹಿಡಿದಿದೆ."

ಅವರ ಕ್ಲಬ್ಬು ಮೂರು ಪಾಯಿಂಟಿನಿಂದ ಸೋತಿತು. ಜನ ಕರಗುವವರೆಗೂ ನಾನು ಕಂಬದ ಮರೆಯಲ್ಲೇ ಉಳಿದೆ. ಅವನನ್ನು ಮಾತಾಡಿಸುವ ಧೈರ್ಯವಿರಲಿಲ್ಲ. ತಲೆ ತಗ್ಗಿಸಿ ಗೇಟು ದಾಟುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

"ಸಾರ್."

ಹೆಗಲಿಗೆ ಚೀಲ ಹಾಕಿಕೊಂಡು ತಿಪ್ಪೇಶ ನಿಂತಿದ್ದ. ದಪ್ಪಗಾಗಿದ್ದ, ಗಡ್ಡ ಬಿಟ್ಟಿದ್ದ.

"ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ.

"ಇನ್ನೂ ಅರ್ಧ ಗಂಟೆ ಇದೆ."

"ಸ್ಟ್ಯಾಂಡಿನ ತನಕ ಬರ್ತೀನಿ. ಆದ್ರೆ ನಿಧಾನಕ್ಕೆ ನಡೀರಿ ಸಾರ್, ಇವತ್ತು ಕಾಲು ನೋಯ್ತಿದೆ."

ನಾನು ಅವನ ಚೀಲಕ್ಕೆ ಕೈ ಚಾಚಿದೆ. ಅವನು ಬೇಡವೆನ್ನದೆ ಕೊಟ್ಟ. ಅಂಗಡಿಗಳು ದೀಪ ಹಚ್ಚುತ್ತಿದ್ದ ಬೀದಿಯಲ್ಲಿ, ಜನ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದಂತೆ, ಇಬ್ಬರೂ ನಿಧಾನಕ್ಕೆ ನಡೆದೆವು.